ಮಾತಿನ ಭಾರ, ದೃಶ್ಯದ ಹೊಣೆ: ಕನ್ನಡ ಚಿತ್ರಕಥೆಯ ಕಸುಬನ್ನು ಕುರಿತು

1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ವಾಕ್ಚಿತ್ರಕ್ಕೆ ಸಂಭಾಷಣೆ, ಹಾಡುಗಳನ್ನು ಬರೆದವರು ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಪ್ಪತ್ತು ವರ್ಷಗಳ ತರುವಾಯ ಬಂದ ‘ಬೇಡರ ಕಣ್ಣಪ್ಪ’ (1954) ಕೂಡ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ನಾಟಕವನ್ನೇ ಆಧರಿಸಿತ್ತು. ಕನ್ನಡ ಚಲನಚಿತ್ರದ ಬರವಣಿಗೆ ವೃತ್ತಿರಂಗಭೂಮಿಯ ಮಡಿಲಲ್ಲಿ ಬೆಳೆಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಆ ಋಣ ಸಣ್ಣದಲ್ಲ. ಆದರೆ ಅದರೊಂದಿಗೆ ಒಂದು ಅಭ್ಯಾಸವೂ ಬಂದಿತು. ಚಿತ್ರಕ್ಕೆ ಬರೆಯುವುದೆಂದರೆ ಮಾತು ಬರೆಯುವುದು ಎಂಬ ನಂಬಿಕೆಯೇ ಆ ಅಭ್ಯಾಸ. ‘ಚಿತ್ರಕಥೆ-ಸಂಭಾಷಣೆ’ ಎಂದು ಶೀರ್ಷಿಕೆಪಟ್ಟಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯ ಹಿಂದೆ ಇರುವುದೂ ಈ ನಂಬಿಕೆಯೇ. ಕಸುಬನ್ನು ತಿದ್ದಿಕೊಳ್ಳಬಯಸುವ ಕನ್ನಡದ ಚಿತ್ರಕಥೆಗಾರ ಮೊದಲು ಮುಖಾಮುಖಿಯಾಗಬೇಕಾದದ್ದು ಈ ಪಿತ್ರಾರ್ಜಿತದೊಂದಿಗೆ.

ಆ ಮುಖಾಮುಖಿ ಅತ್ಯಂತ ಫಲಪ್ರದವಾಗಿ ನಡೆದದ್ದು ಸಾಹಿತ್ಯಕೃತಿಗಳ ರೂಪಾಂತರದಲ್ಲಿ. ನವ್ಯದ ಕಥನ ಪಾತ್ರದ ಒಳಗಿನ ತಳಮಳವನ್ನು ನೆಚ್ಚಿಕೊಂಡದ್ದು. ಕ್ಯಾಮೆರಾಕ್ಕೆ ಒಳಮನಸ್ಸು ಕಾಣುವುದಿಲ್ಲ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ತೆಗೆದ ‘ಘಟಶ್ರಾದ್ಧ’ (1977) ಈ ತೊಡಕನ್ನು ಬಿಡಿಸಿದ ರೀತಿ ಇಂದಿಗೂ ಪಾಠವಾಗಬಲ್ಲದು. ವಿಧವೆ ಯಮುನಾಳ ಗರ್ಭ, ಅಗ್ರಹಾರದ ಪಿಸುಮಾತು, ತಂದೆಯೇ ಮಗಳಿಗೆ ಮಾಡುವ ಜೀವಂತ ಶ್ರಾದ್ಧ ಇವೆಲ್ಲವೂ ವೇದಪಾಠಶಾಲೆಗೆ ಬಂದು ಸೇರಿದ ಪುಟ್ಟ ಹುಡುಗ ನಾಣಿಯ ಎದುರಿನಲ್ಲಿ ನಡೆಯುತ್ತವೆ. ಅವನಿಗೆ ಅವುಗಳ ಅರ್ಥ ಆಗುವುದಿಲ್ಲ. ಹುಡುಗನಿಗೆ ಅರ್ಥವಾಗದ್ದನ್ನು ಯಾರೂ ಅವನಿಗೆ ಬಿಡಿಸಿ ಹೇಳುವಂತಿಲ್ಲ. ಹೀಗಾಗಿ ಚಿತ್ರಕಥೆಗೆ ವಿವರಣೆಯ ಮಾತು ತಾನಾಗಿಯೇ ನಿಷಿದ್ಧವಾಗುತ್ತದೆ. ಯಮುನಾ ಹುತ್ತದೊಳಗೆ ಕೈಯಿಡುವ ಸನ್ನಿವೇಶವನ್ನು ಗಮನಿಸಬೇಕು. ಹುಡುಗನ ಪಾಲಿಗೆ ಅದು ಬರಿಯ ಭಯ, ನೋಡುಗನ ಪಾಲಿಗೆ ಆತ್ಮಹತ್ಯೆಯ ಯತ್ನ. ಈ ಎರಡು ತಿಳಿವಳಿಕೆಗಳ ನಡುವಿನ ಅಂತರದಲ್ಲಿಯೇ ದೃಶ್ಯದ ಎಲ್ಲ ಬಿಗಿಯೂ ಇದೆ. ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಾಳನ್ನು ಊರು ಬಿಟ್ಟು ಹೋಗುತ್ತಿರುವ ನಾಣಿ ನೋಡುವ ಕೊನೆಯ ಚಿತ್ರಕ್ಕೆ ಮಾತಿನ ಆಸರೆಯೇ ಬೇಕಾಗಿಲ್ಲ. ನಿರೂಪಣೆಯ ಕೋನವನ್ನು ಆರಿಸುವುದೆಂದರೆ ಯಾವ ಮಾತು ಅಸಾಧ್ಯವೆಂಬುದನ್ನು ನಿರ್ಧರಿಸುವುದು. ಬರೆಯುವ ಮೊದಲೇ ಆಗಬೇಕಾದ ಈ ತೀರ್ಮಾನವನ್ನು ಹೆಚ್ಚಿನ ಚಿತ್ರಕಥೆಗಳು ಬರೆದು ಮುಗಿದ ಮೇಲೂ ಮಾಡಿರುವುದಿಲ್ಲ.

‘ತಬರನ ಕಥೆ’ (1986) ಒಡ್ಡುವ ಸಮಸ್ಯೆ ಬೇರೆಯದು. ಪೂರ್ಣಚಂದ್ರ ತೇಜಸ್ವಿಯವರ ಈ ಕಥೆಯಲ್ಲಿ ನಿವೃತ್ತ ಕೆಳದರ್ಜೆಯ ನೌಕರನೊಬ್ಬ ಪಿಂಚಣಿಗಾಗಿ ಕಾಯುತ್ತಾನೆ. ಕಾಯುವುದು ಕ್ರಿಯೆಯಲ್ಲ, ಕಾಯುವವನನ್ನು ಎರಡು ತಾಸು ತೋರಿಸಿದರೆ ನೋಡುಗನೂ ಕಾಯುತ್ತ ಕೂರಬೇಕಾಗುತ್ತದೆ. ಇಲ್ಲಿ ಚಿತ್ರವನ್ನು ಎತ್ತಿ ಹಿಡಿಯುವುದು ಹೆಂಡತಿಯ ಕಾಲಿನ ಗಾಯ. ಕಚೇರಿಯಲ್ಲಿ ಕಡತ ನಿಂತಲ್ಲೇ ನಿಂತಿದೆ, ಮನೆಯಲ್ಲಿ ಗಾಯ ಮೇಲೇರುತ್ತಿದೆ. ಕಾಲದ ಈ ಎರಡು ನಡೆಗಳನ್ನು ಒಂದರ ಪಕ್ಕ ಒಂದು ಇಟ್ಟ ಕೂಡಲೇ ಗುಮಾಸ್ತನ ‘ನಾಳೆ ಬಾ’ ಎಂಬ ಸಾದಾ ಉತ್ತರವೂ ಕ್ರೌರ್ಯವಾಗುತ್ತದೆ. ಕಾಲು ಕತ್ತರಿಸಿಕೊಡೆಂದು ತಬರ ಕಟುಕನ ಬಳಿಗೆ ಹೋಗುವ ಘಟನೆಯನ್ನು ಬೇರೆಲ್ಲಿಯಾದರೂ ಇಟ್ಟಿದ್ದರೆ ಅತಿರೇಕವೆನಿಸುತ್ತಿತ್ತು. ಇಲ್ಲಿ ಅದು ಲೆಕ್ಕದ ಕೊನೆಯ ಸಾಲಿನಂತೆ ಬರುತ್ತದೆ. ಗಾಂಧಿನಗರದ ಭಾಷೆಯಲ್ಲಿ ‘ಒನ್‌ಲೈನ್’ ಎಂದು ಕರೆಯುವ ದೃಶ್ಯಗಳ ಅನುಕ್ರಮಪಟ್ಟಿಯ ಬೆಲೆ ತಿಳಿಯುವುದು ಇಂಥಲ್ಲಿ. ಒಂದು ದೃಶ್ಯದ ಶಕ್ತಿ ಆ ದೃಶ್ಯದಲ್ಲಿ ಇರುವುದಕ್ಕಿಂತ ಅದರ ಹಿಂದಿನ ದೃಶ್ಯದಲ್ಲಿ ಇರುತ್ತದೆ.

ಇಷ್ಟರಿಂದ ಮಾತು ಕಡಿಮೆಯಾದಷ್ಟೂ ಚಿತ್ರಕಥೆ ಮೇಲಾಗುತ್ತದೆ ಎಂದು ತಿಳಿದರೆ ಅದೂ ತಪ್ಪೇ. ಕಾಸರವಳ್ಳಿಯವರ ಮೌನವನ್ನು ಅನುಕರಿಸಿದ ಎಷ್ಟೋ ಪ್ರಶಸ್ತಿಮುಖಿ ಚಿತ್ರಗಳಲ್ಲಿ ಪಾತ್ರಗಳು ಕಿಟಕಿಯಾಚೆ ದಿಟ್ಟಿಸುತ್ತ ನಿಲ್ಲುವುದು ಒಂದು ಚಾಳಿಯಾಗಿದೆ. ಹೇಳಲು ಏನೂ ಇಲ್ಲದವರ ಮೌನಕ್ಕೂ ಹೇಳಲಾಗದವರ ಮೌನಕ್ಕೂ ಅಲ್ಲಿ ವ್ಯತ್ಯಾಸ ಉಳಿದಿಲ್ಲ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಕಾಸರವಳ್ಳಿಯವರದೇ ‘ದ್ವೀಪ’ (2002) ಈ ದೃಷ್ಟಿಯಿಂದ ತೋರುಬೆರಳು. ಅಣೆಕಟ್ಟಿನ ನೀರು ಸುತ್ತುವರಿದ ನೆಲದಲ್ಲಿ, ಸುರಿಯುವ ಮಳೆಯಲ್ಲಿ, ಮನೆಯನ್ನು ಉಳಿಸಿಕೊಳ್ಳಲು ನಾಗಿ ಪಡುವ ಪಾಡನ್ನು ಚಿತ್ರ ಬಹುಮಟ್ಟಿಗೆ ಮಾತಿಲ್ಲದೆ ತೋರಿಸುತ್ತದೆ. ಎಲ್ಲ ಮುಗಿದ ಮೇಲೆ ಗಂಡ ಗಣಪ ಬದುಕಿ ಉಳಿದದ್ದನ್ನು ದೈವದ ಕೃಪೆಗೆ ಸಲ್ಲಿಸಿಬಿಡುತ್ತಾನೆ. ಆಡುವುದು ಸಣ್ಣ ಮಾತು. ನಾಗಿಯ ದುಡಿಮೆಯನ್ನೆಲ್ಲ ಅದು ಒರೆಸಿಹಾಕುತ್ತದೆ. ಹಿಂದಿನ ಮೌನವಿಲ್ಲದೆ ಆ ಮಾತಿಗೆ ಅಷ್ಟು ಪೆಟ್ಟು ಇರುತ್ತಿರಲಿಲ್ಲ.

ಕಿರುತೆರೆಯ ನಿಯಮ ಇನ್ನೊಂದು. ದಿನಂಪ್ರತಿಯ ಧಾರಾವಾಹಿಯನ್ನು ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುವ ವೀಕ್ಷಕರು ಉಂಟು; ನಿನ್ನೆಯ ಕಂತನ್ನು ತಪ್ಪಿಸಿಕೊಂಡವರಿಗೂ ಇಂದಿನದು ತಿಳಿಯಬೇಕು. ಆದ್ದರಿಂದ ಅಲ್ಲಿ ಮಾತಿನ ಪುನರುಕ್ತಿ ಕೇವಲ ಆಲಸ್ಯವಲ್ಲ, ಮಾಧ್ಯಮದ ಒತ್ತಡವೂ ಹೌದು. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ (1998) ಹಾಗೂ ನಂತರದ ‘ಮುಕ್ತ’ದಂಥ ಧಾರಾವಾಹಿಗಳು ಈ ಒತ್ತಡವನ್ನು ಜಾಣ್ಮೆಯಿಂದ ಬಳಸಿಕೊಂಡವು. ನ್ಯಾಯಾಲಯದ ಸನ್ನಿವೇಶ ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಪಾಟೀಸವಾಲಿನಲ್ಲಿ ಪ್ರತಿ ಪ್ರಶ್ನೆಯೂ ಒಂದು ನಡೆ, ಪ್ರತಿ ಉತ್ತರವೂ ಒಂದು ಸೋಲು ಅಥವಾ ಗೆಲುವು. ಮಾತೇ ಅಲ್ಲಿ ಕ್ರಿಯೆ. ಹಿಂದೆ ನಡೆದದ್ದನ್ನು ಮತ್ತೆ ಹೇಳಿಸಲು ವಕೀಲನಿಗೆ ಸಹಜವಾದ ಕಾರಣವೂ ಇರುತ್ತದೆ. ಇದೇ ಸೂತ್ರವನ್ನು ಅತ್ತೆ-ಸೊಸೆಯರ ಪಡಸಾಲೆಗೆ ತಂದವರು ಪಾಟೀಸವಾಲಿನ ಗದ್ದಲವನ್ನು ತಂದರು, ಪಣವನ್ನು ತರಲಿಲ್ಲ.

ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರೊಂದಿಗೆ ಬರೆದ ‘ತಿಥಿ’ (2015) ಮಾತಿನ ಪ್ರಶ್ನೆಯನ್ನು ಮತ್ತೊಂದು ತುದಿಯಿಂದ ಹಿಡಿಯಿತು. ಮಂಡ್ಯ ಸೀಮೆಯ ಹಳ್ಳಿಯ ಜನ, ವೃತ್ತಿನಟರಲ್ಲದವರು, ಅದರಲ್ಲಿ ತಮ್ಮ ನುಡಿಯನ್ನೇ ಆಡುತ್ತಾರೆ. ಶತಾಯುಷಿಯ ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಅವಧಿ ಅದರ ಚೌಕಟ್ಟು. ಬದುಕಿರುವ ಅಪ್ಪ ಗಡ್ಡಪ್ಪನನ್ನು ಸತ್ತನೆಂದು ತೋರಿಸಿ ಜಮೀನು ಮಾರಲು ಹೊರಟ ತಮ್ಮಣ್ಣನಿಗೆ ಎಲ್ಲ ಆತುರ. ಅಲೆದಾಡುವ ಗಡ್ಡಪ್ಪನಿಗೆ ಯಾವುದರ ಹಂಗೂ ಇಲ್ಲ. ಕುರಿಗಾಹಿಗಳ ನಡುವೆ ಕುಳಿತು ಆತ ತನ್ನ ಹಿಂದಿನ ಬದುಕಿನ ದುಃಖವನ್ನು ಹೇಳಿಕೊಳ್ಳುವ ಭಾಗ ದೀರ್ಘವಾಗಿದೆ. ಆದರೂ ಬೇಸರ ಹುಟ್ಟಿಸುವುದಿಲ್ಲ. ಅಲ್ಲಿಯವರೆಗೆ ಆತ ಯಾರಿಗೂ ಏನನ್ನೂ ವಿವರಿಸಿದವನಲ್ಲ.

ಇಂಥ ಹೋಲಿಕೆಗಳಿಗೆ ಕಲಿಯುವವನ ಕೈಗೆ ಸಿಗುವ ಆಕರ ಮಾತ್ರ ತೀರ ಅಲ್ಪ. ಮೂಲಕಥೆ ಅಚ್ಚಾಗಿರುತ್ತದೆ, ಚಿತ್ರ ಎಲ್ಲಾದರೂ ನೋಡಲು ದೊರೆಯುತ್ತದೆ. ಇವೆರಡರ ನಡುವೆ ನಿಂತ ಚಿತ್ರಕಥೆಯ ಪ್ರತಿ, ಹೊಡೆದುಹಾಕಿದ ದೃಶ್ಯಗಳೊಂದಿಗೆ, ಚಿತ್ರೀಕರಣ ಮುಗಿದ ಮೇಲೆ ರದ್ದಿಗೆ ಸೇರುವುದೇ ಹೆಚ್ಚು. ಪುಸ್ತಕವಾಗಿ ಬರುವ ಚಿತ್ರಕಥೆಗಳು ವಿರಳ. ಬಂದವೂ ಪರಿಷ್ಕೃತ ಅಂತಿಮ ರೂಪದವು. ‘ತಬರನ ಕಥೆ’ಯನ್ನು ಓದಿ, ಚಿತ್ರ ನೋಡುವ ಮುನ್ನ ಅದರ ದೃಶ್ಯಪಟ್ಟಿಯನ್ನು ತಾನೇ ಬರೆದು, ಆಮೇಲೆ ತೆರೆಯ ಮೇಲಿನದರೊಂದಿಗೆ ಒರೆಹಚ್ಚಿ ನೋಡುವುದು ಸದ್ಯಕ್ಕೆ ಅಭ್ಯಾಸಿಗೆ ಉಳಿದಿರುವ ದಾರಿ. ಗಾಯದ ದೃಶ್ಯಗಳನ್ನು ತಾನು ಎಲ್ಲಿ ಇಟ್ಟೆ, ನಿರ್ದೇಶಕ ಎಲ್ಲಿ ಇಟ್ಟ ಎಂಬುದು ಆಗ ಕಾಣುತ್ತದೆ. ಅಲ್ಲಿಗೆ ಬರುವ ಮೊದಲು ನಿರ್ದೇಶಕ ಎಷ್ಟು ಸಲ ಜಾಗ ಬದಲಿಸಿದ ಎಂಬುದು ಕಾಣುವುದಿಲ್ಲ.