ಬರೋಲೊದ ಒಗರು ಕಳೆಯಬೇಡಿ

ಇಟಲಿಯ ಆಲ್ಬಾದ ಬಿಳಿ ಟ್ರಫಲ್ ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಹೇಳಿದ್ದೆ. ಅಕ್ಟೋಬರ್ ಬಂದರೆ ಅದರದೇ ಸುದ್ದಿ. ಬೆಣ್ಣೆಯಲ್ಲಿ ಹೊರಳಿಸಿದ ಬಿಸಿ ತಯಾರಿನ್ ಪಾಸ್ತಾ ಎಳೆಗಳ ಮೇಲೆ ಹಸಿ ಟ್ರಫಲ್ ಹೆರೆದು ಕೊಟ್ಟಾಗ ಜೊತೆಗೆ ಯಾವ ಬರೋಲೊ ವೈನ್ ಎಂದು ಓದುಗರು ಕೇಳಿದ್ದಾರೆ. ಉತ್ತರ ಚಿಕ್ಕದು: ಹತ್ತು ಹದಿನೈದು ವರ್ಷ ಮಾಗಿದ್ದು. ಎಳೆಯದಾದರೆ ಅದರ ಒಗರಿನ ಮುಂದೆ ಟ್ರಫಲ್‌ನ ಘಮ ನಿಲ್ಲದು. ಆದರೆ ಒಗರಿನ ಮಾತು ಎತ್ತಿದ ಮೇಲೆ ಟ್ರಫಲ್ ಕಾಯಲಿ. ಆ ಒಗರನ್ನೇ ದೋಷವೆಂದು ತಿದ್ದಲು ಹೊರಟ ಪಂಥದೊಂದಿಗೆ ನನ್ನ ಹಳೆಯ ಲೆಕ್ಕವೊಂದು ಬಾಕಿಯಿದೆ.

ಬರೋಲೊ ತಯಾರಾಗುವ ನೆಬ್ಬಿಯೋಲೊ ದ್ರಾಕ್ಷಿಯ ಬಣ್ಣ ಮೋಸ ಮಾಡುತ್ತದೆ. ಲೋಟದಲ್ಲಿ ತೆಳುಗೆಂಪು, ವರ್ಷ ಕಳೆದಂತೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಮೂಗಿಗೆ ಗುಲಾಬಿ, ಅದರ ಹಿಂದೆಯೇ ಡಾಂಬರು. ಇಷ್ಟು ನಾಜೂಕು ಎಂದುಕೊಂಡು ಗುಟುಕರಿಸಿದರೆ ಹಸಿ ಅಡಿಕೆ ಅಗಿದಂತೆ ವಸಡು ಬಿಗಿಯುತ್ತದೆ. ಬೇಗ ಚಿಗುರಿ ತೀರಾ ತಡವಾಗಿ ಹಣ್ಣಾಗುವ ಈ ಬಳ್ಳಿಗೆ ಆಲ್ಬಾ ಸುತ್ತಲಿನ ಲಾಂಗೆ ಗುಡ್ಡಗಳ ಬಿಸಿಲಿನ ಮಗ್ಗುಲೇ ಬೇಕು. ಕಾನೂನು ಕೂಡ ಅದರ ಸ್ವಭಾವ ಬಲ್ಲದು: ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಎಂಬ ವರ್ಗಕ್ಕೆ 62 ತಿಂಗಳು.

1980ರ ದಶಕದಲ್ಲಿ ಕೆಲವು ಯುವ ವೈನ್ ತಯಾರಕರಿಗೆ ಈ ಕಾಯುವಿಕೆ ಸಾಕಾಯಿತು. ಅವರಲ್ಲೊಬ್ಬರಾದ ಎಲಿಯೊ ಅಲ್ತಾರೆ ಫ್ರಾನ್ಸಿನ ಬರ್ಗಂಡಿ ನೋಡಿ ಬಂದು, 1983ರಲ್ಲಿ ಅಪ್ಪನ ದೊಡ್ಡ ಪೀಪಾಯಿಗಳನ್ನು ಗರಗಸದಿಂದ ಕೊಯ್ದು ಹಾಕಿದರು. ಅಪ್ಪ ಮಗನಿಗೆ ಆಸ್ತಿ ಕೊಡಲಿಲ್ಲ. ಸಾವಿರಾರು ಲೀಟರಿನ ಹಳೆಯ ಪೀಪಾಯಿಗಳ ಜಾಗಕ್ಕೆ 225 ಲೀಟರಿನ ಹೊಸ ಫ್ರೆಂಚ್ ಓಕ್ ಬರೀಕ್‌ಗಳು ಬಂದವು. ವಾರಗಟ್ಟಲೆ ಸಿಪ್ಪೆಯೊಂದಿಗೆ ನೆನೆಯುತ್ತಿದ್ದ ರಸಕ್ಕೆ ಕೆಲವೇ ದಿನ ಸಾಕೆಂದಾಯಿತು. ಎದುರು ನಿಂತವರು ಬರೋಲೊ ಊರಿನ ವೈನ್ ತಯಾರಕ ಬಾರ್ತೊಲೊ ಮಸ್ಕರೆಲ್ಲೊ. ಬರೀಕ್ ಬೇಡ, ಬೆರ್ಲುಸ್ಕೋನಿ ಬೇಡ ಎಂದು ಸ್ವತಃ ಚಿತ್ರ ಬಿಡಿಸಿ ಬಾಟಲಿಗೆ ಅಂಟಿಸಿದರು.

ಹೊಸಬರಿಗೆ ಸಲ್ಲಬೇಕಾದ್ದು ಸಲ್ಲಲಿ. ಲಾಂಗೆ ಆಗ ಬಡವರ ಗುಡ್ಡ. ಲೇಖಕ ಬೆಪ್ಪೆ ಫೆನೊಲ್ಯೊ 1954ರ ‘ಲಾ ಮಲೋರಾ’ ಕಾದಂಬರಿಯಲ್ಲಿ ಚಿತ್ರಿಸಿದ ಜೀತದ ಬದುಕಿನ ನೆನಪು ಇನ್ನೂ ಹಸಿಯಾಗಿತ್ತು. ಗೊಂಚಲು ತೆಳುಮಾಡುವುದು, ನೆಲಮಾಳಿಗೆಯ ಶುಚಿ, ಇವೆಲ್ಲ ಒಳ್ಳೆಯ ಕೊಡುಗೆ. ಆದರೆ ಹೊಸ ಓಕ್‌ನ ವೆನಿಲ್ಲಾ ಗುಲಾಬಿಯನ್ನು ಮುಚ್ಚಿತು. ಲಾ ಮೊರ್ರಾ ಊರಿನ ಬರೋಲೊದ ಸೌಮ್ಯತೆಗೂ ಸೆರ್ರಲುಂಗಾ ಊರಿನದರ ಗಡಸುತನಕ್ಕೂ ಇದ್ದ ವ್ಯತ್ಯಾಸವೇ ಅಳಿಸಿಹೋಯಿತು. ಊಟವಿಲ್ಲದೆ ರುಚಿ ನೋಡಿ ಅಂಕ ಕೊಡುವವರಿಗೆ ಅದು ಹಿಡಿಸಿತು.

ಬರೋಲೊ ಊಟದ ವೈನ್. ಒಗರು ಬಾಯಲ್ಲಿ ಪ್ರೋಟೀನನ್ನು ಹುಡುಕುತ್ತದೆ. ಮಾಂಸ ಸಿಗದಿದ್ದರೆ ನಮ್ಮ ಜೊಲ್ಲಿನದ್ದನ್ನೇ ಹಿಡಿದು ಬಾಯಿ ಒಣಗಿಸುತ್ತದೆ. ಗಂಟೆಗಟ್ಟಲೆ ವೈನಿನಲ್ಲೇ ಬೆಂದ ದನದ ಮಾಂಸದ ಬ್ರಸಾಟೊ ಎದುರಿಗಿರಲಿ, ಅದೇ ಒಗರು ಜಿಡ್ಡನ್ನು ತೊಳೆದು, ಹುಳಿ ಮುಂದಿನ ತುತ್ತಿಗೆ ನಾಲಿಗೆಯನ್ನು ಸಜ್ಜು ಮಾಡುತ್ತದೆ. ಬ್ರಸಾಟೊಗೆ ನನ್ನ ಆಯ್ಕೆ ಸೆರ್ರಲುಂಗಾ ಅಥವಾ ಮೊನ್‌ಫೋರ್ತೆಯದ್ದು. ಮಾಂಸ ತುಂಬಿದ ಪುಟ್ಟ ಪಾಸ್ತಾ ಪ್ಲಿನ್‌ಗಳಿಗೆ ಲಾ ಮೊರ್ರಾದ್ದು. ಕೊನೆಗೆ ಹಳೆಯ ಕಾಸ್ತೆಲ್ಮಾನ್ಯೊ ಚೀಸ್. ಊಟದ ಆರಂಭಕ್ಕೆ ದೊಲ್ಚೆತ್ತೊ ವೈನ್, ಬೆಳ್ಳುಳ್ಳಿ-ಆಂಚೊವಿಯ ಬಿಸಿ ಅದ್ದು ಬಾನ್ಯಾ ಕಾವ್ದಾಗೆ ಬರ್ಬೇರಾ ವೈನ್.

ನಮ್ಮ ಖಾರದ ಸಾರಿಗೆ ಇದನ್ನು ಜೋಡಿಸುವ ಸಾಹಸ ಬೇಡ. ಮೆಣಸಿನಕಾಯಿ ಸೇರಿದರೆ ಒಗರು ಇನ್ನಷ್ಟು ಒರಟಾಗುತ್ತದೆ, ಆಲ್ಕೋಹಾಲ್ ಉರಿಯುತ್ತದೆ. ಖಾರ ಕಡಿಮೆ ಮಾಡಿ ನಿಧಾನವಾಗಿ ಬೇಯಿಸಿದ ಕುರಿಮಾಂಸವಾದರೆ ಸರಿ. ಬೆಂಗಳೂರಿನ ಬೇಸಗೆಯ ಕೋಣೆಯ ಬಿಸಿಯಲ್ಲೂ ಸುರಿಯಬೇಡಿ. 16ರಿಂದ 18 ಡಿಗ್ರಿ ಸಾಕು.

ಬರೀಕ್ ಹಿಡಿದವರಲ್ಲಿ ಹಲವರು ಈಗ ಮತ್ತೆ ದೊಡ್ಡ ಪೀಪಾಯಿಗಳತ್ತ ಮರಳಿದ್ದಾರೆ. ವಾದದಲ್ಲಿ ಗೆದ್ದದ್ದು ಮಸ್ಕರೆಲ್ಲೊ. ಕೊಳ್ಳುವಾಗ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಇದು ಮಾಗಿದ್ದು ಯಾವ ಪೀಪಾಯಿಯಲ್ಲಿ? ದೊಡ್ಡದರಲ್ಲಿ ಎಂದರೆ ತನ್ನಿ, ಮಾಂಸ ಬೇಯುವವರೆಗೆ ಮುಚ್ಚಳ ತೆಗೆಯಬೇಡಿ.