ಕೋಳಿಯ ಅಂಗಾಲು, ನಮ್ಮ ಬ್ಲೇಡು

ಹಿತ್ತಲಲ್ಲೋ ತಾರಸಿಯಲ್ಲೋ ನಾಲ್ಕು ಕೋಳಿ ಸಾಕುವವರ ನಡುವೆ ಈಚೆಗೆ ಒಂದು ಮನೆವೈದ್ಯ ಬಳಕೆಗೆ ಬಂದಿದೆ. ಹೇಂಟೆ ಕುಂಟುತ್ತದೆ. ಎತ್ತಿ ನೋಡಿದರೆ ಅಂಗಾಲು ಊದಿಕೊಂಡಿದೆ, ನಟ್ಟನಡುವೆ ಕಪ್ಪು ಹಕ್ಕಳೆ. ನಮ್ಮ ಕಾಲಿನ ಆಣಿಯಂತೆಯೇ ಕಾಣುವುದರಿಂದ ಆಣಿ ಎಂದೇ ಕರೆಯುವವರಿದ್ದಾರೆ. ಪಶುವೈದ್ಯರು ಬಂಬಲ್‌ಫುಟ್ ಎನ್ನುತ್ತಾರೆ. ಕೋಳಿಯನ್ನು ಟವೆಲಿನಲ್ಲಿ ಸುತ್ತಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ನೆನೆಸಿ, ಹೊಸ ಬ್ಲೇಡಿನಿಂದ ಹಕ್ಕಳೆ ಎಬ್ಬಿಸಿ, ಒಳಗಿನ ಗಟ್ಟಿ ಕೀವನ್ನು ಚಿಮಟದಿಂದ ಎಳೆದು, ಅಯೋಡಿನ್ ಹಚ್ಚಿ ಪಟ್ಟಿ ಕಟ್ಟುವುದು ಇದರ ಕ್ರಮ. ಇದರಲ್ಲಿ ಅರ್ಧ ಒಳ್ಳೆಯದು. ಉಳಿದರ್ಧ, ಅದರಲ್ಲೂ ಸಾಕಿದವರು ಹೆಮ್ಮೆಯಿಂದ ಹೇಳಿಕೊಳ್ಳುವ ಬ್ಲೇಡಿನ ಭಾಗ, ಕೋಳಿಯ ನೋವಿಗಿಂತ ಸಾಕಿದವರ ಚಡಪಡಿಕೆಗೇ ಹೆಚ್ಚು ಮದ್ದಾಗುತ್ತಿದೆ.

ಬ್ಲೇಡು ಬಂದದ್ದಕ್ಕೆ ಕಾರಣವಿದೆ, ಅದನ್ನು ಒಪ್ಪಬೇಕು. ಚರ್ಮ ಒಡೆದ ಕಡೆ ಒಳಹೊಕ್ಕು ಕೀವು ಕಟ್ಟಿಸುವುದು ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ನಮಗೆ ಕುರುವಾದರೆ ಕೀವು ನೀರಾಗಿ ಒಡೆದು ಹರಿದುಹೋಗುತ್ತದೆ. ಹಕ್ಕಿಗಳಲ್ಲಿ ಹಾಗಾಗದು. ಸೋಂಕಿನೊಡನೆ ಹೋರಾಡುವ ಅವುಗಳ ಬಿಳಿರಕ್ತಕಣಗಳಲ್ಲಿ ಕೀವನ್ನು ಕರಗಿಸುವ ಕೆಲವು ಕಿಣ್ವಗಳ ಕೊರತೆಯಿದೆ. ಹೀಗಾಗಿ ಕೀವು ಹೆಪ್ಪುಗಟ್ಟಿ ಗಿಣ್ಣಿನಂಥ ಗಟ್ಟಿ ಮುದ್ದೆಯಾಗಿ ಪಾದದೊಳಗೇ ಕೂರುತ್ತದೆ. ಅದರೊಳಗೆ ರಕ್ತ ಓಡಾಡುವುದಿಲ್ಲ, ರಕ್ತದ ಜೊತೆ ಬರುವ ಔಷಧವೂ ಸರಿಯಾಗಿ ಇಳಿಯುವುದಿಲ್ಲ. ಮಾತ್ರೆ ನುಂಗಿಸಿದರೆ ಸಾಕು ಎನ್ನುವವರಿಗಿಂತ ಮುದ್ದೆ ಹೊರಬರಬೇಕು ಎನ್ನುವವರ ತಿಳಿವಳಿಕೆ ಸರಿಯಾಗಿಯೇ ಇದೆ.

ಆದರೆ ಆ ಮುದ್ದೆಯ ಕೆಳಗೇನಿದೆ ಎಂಬುದನ್ನು ಬ್ಲೇಡು ಹಿಡಿದವರು ಯೋಚಿಸುವುದು ಕಡಿಮೆ. ಕೋಳಿ ಗಳದ ಮೇಲೆ ಕೂತಾಗ ಬೆರಳುಗಳು ತಾವಾಗಿ ಬಿಗಿದುಕೊಳ್ಳುವುದು ಅಂಗಾಲಿನಡಿ ಹಾದುಹೋಗುವ ಸ್ನಾಯುರಜ್ಜುಗಳಿಂದ. ಮೇಲಿನದು ತೆಳುವಾದ ಮೆತ್ತೆ ಅಷ್ಟೆ. ಹಳೆಯ ಸೋಂಕಿನಲ್ಲಿ ಕೀವು ಒಂದೇ ಗೋಲಿಯಾಗಿ ಇರುವುದಿಲ್ಲ, ರಜ್ಜುಗಳ ಸುತ್ತ ಬೇರು ಬಿಟ್ಟಿರುತ್ತದೆ. ಇನ್ನೂ ಇದೆ, ಇನ್ನೂ ಇದೆ ಎಂದು ಕೆದಕುತ್ತ ಹೋದರೆ ಕೀವಿನ ಎಳೆ ಯಾವುದು, ರಜ್ಜು ಯಾವುದು ಎಂಬುದು ರಕ್ತದ ನಡುವೆ ಪಳಗಿದ ಕಣ್ಣಿಗೂ ಕಷ್ಟ. ಇಷ್ಟೂ ಅರಿವಳಿಕೆ ಇಲ್ಲದೆ ನಡೆಯುತ್ತದೆ. 'ಕೋಳಿ ಸುಮ್ಮನೆ ಮಲಗಿತ್ತು, ನೋವೇ ಆಗಲಿಲ್ಲ' ಎಂಬ ಮಾತು ಈ ವೈದ್ಯದ ದೊಡ್ಡ ಸುಳ್ಳು. ಬೇಟೆಗೆ ಸಿಗುವ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ಹೆದರಿದಾಗ ಮರಗಟ್ಟುತ್ತದೆ. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ, ನಿಜ. ವಾಸಿ ಮಾಡುತ್ತೇವೆಂದು ಹೊರಟವರಾದರೂ ಕೇಳಬೇಡವೇ?

ಸುತ್ತುವ ಟವೆಲಿನ ಬಗ್ಗೆಯೂ ಒಂದು ಮಾತು. ಕೋಳಿಗೆ ನಮ್ಮ ಹಾಗೆ ವಪೆಯಿಲ್ಲ. ಎದೆಗೂಡನ್ನೇ ಏರಿಳಿಸಿ ಉಸಿರಾಡಬೇಕು. ಕೊಸರಾಡದಿರಲಿ ಎಂದು ಎದೆಯನ್ನು ಅವುಚಿ ಹಿಡಿದರೆ ಉಸಿರು ಕಟ್ಟಿ ಕೈಯಲ್ಲೇ ಸತ್ತೀತು. ರೆಕ್ಕೆ ಬಿಗಿಯಾಗಲಿ, ಎದೆ ಸಡಿಲವಾಗಿರಲಿ.

ಈ ಕ್ರಮದಲ್ಲಿ ನನಗೆ ನಿಜಕ್ಕೂ ಮೆಚ್ಚಿಗೆಯಾದದ್ದು ಯಾರೂ ದೊಡ್ಡದು ಮಾಡದ ನೆನೆಸುವ ಕೆಲಸ. ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟರೆ ಹಕ್ಕಳೆ ಮೆತ್ತಗಾಗುತ್ತದೆ, ಅಂಟಿದ ಹಿಕ್ಕೆ ಮಣ್ಣು ಬಿಡುತ್ತವೆ, ಊತ ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಹಾಕುವ ಉಪ್ಪು ಎಪ್ಸಂ ಸಾಲ್ಟ್, ಅಂದರೆ ಮೆಗ್ನೀಷಿಯಂ ಸಲ್ಫೇಟ್. ಗೊಬ್ಬರದಂಗಡಿಯಲ್ಲೂ ಅದೇ ಹೆಸರಿನ ಚೀಲ ಸಿಗುತ್ತದೆ. ಅದು ಗಿಡಕ್ಕೆ, ಗಾಯಕ್ಕಲ್ಲ, ಮೆಡಿಕಲ್ ಶಾಪಿನದೇ ಆಗಬೇಕು. ಉಪ್ಪು ಕೀವನ್ನು ಹೀರಿ ತೆಗೆಯುತ್ತದೆಂಬ ನಂಬಿಕೆಯನ್ನು ನಾನು ಅಷ್ಟಾಗಿ ಒಪ್ಪಲಾರೆ. ಕೆಲಸದ ಬಹುಪಾಲು ಬಿಸಿನೀರಿನದು, ತಾಳ್ಮೆಯದು. ಆ ನೀರನ್ನು ಕೋಳಿ ಕುಡಿದರೆ ಭೇದಿಯಾಗುತ್ತದೆ, ತಲೆಯ ಕಡೆ ಕಣ್ಣಿರಬೇಕು. ಊತ ಎಳೆಯದಾಗಿದ್ದು ಪಾದ ಕೆಂಪಾಗಿ ಮಿರುಗುತ್ತಿದೆ, ಹಕ್ಕಳೆ ಇನ್ನೂ ಕಟ್ಟಿಲ್ಲ ಎಂದಾದರೆ ಇಷ್ಟರಲ್ಲೇ, ಜೊತೆಗೆ ನೆಲವನ್ನೂ ಒಣಗಿಸಿದರೆ, ಬಹಳಷ್ಟು ವಾಸಿಯಾಗುತ್ತದೆ. ಹಕ್ಕಳೆ ಕಟ್ಟಿದ್ದರೂ ದಿನವೂ ನೆನೆಸುತ್ತ ಬಂದರೆ ಅದು ತಾನೇ ಎದ್ದುಬರುವುದುಂಟು, ಅದರ ಬೆನ್ನಿಗೆ ಮುದ್ದೆಯೂ. ಮೆಲ್ಲಗೆ ಒತ್ತಿದರೆ ಬರುವಷ್ಟನ್ನು ತೆಗೆಯಬಹುದು. ಬಾರದ್ದನ್ನು ಅಗೆಯಬಾರದು. ಕೈಗವಸು ಮರೆಯಬಾರದು, ಇದೇ ಬ್ಯಾಕ್ಟೀರಿಯಾ ನಮ್ಮ ಬೆರಳಿನ ಗಾಯದಲ್ಲೂ ಮನೆ ಮಾಡುತ್ತದೆ.

ಪಟ್ಟಿ ಕಟ್ಟುವುದನ್ನು ಬೇರೆ ದೇಶದವರು ಕಲಿಸಿದ ಹಾಗೆಯೇ ನಮ್ಮ ಮಳೆಗಾಲದಲ್ಲಿ ಮಾಡಹೋದರೆ ಫಜೀತಿ. ಒದ್ದೆಯಾದ ಪಟ್ಟಿ ಪಟ್ಟಿಯಿಲ್ಲದ್ದಕ್ಕಿಂತ ಕೆಟ್ಟದ್ದು. ನಮ್ಮಲ್ಲಿ ನೊಣವೂ ಇದೆ. ಎರಡು ದಿನ ಬಿಚ್ಚಿ ನೋಡದಿದ್ದರೆ ಗಾಯಕ್ಕೆ ಹುಳ ಬಿದ್ದಿರುತ್ತದೆ. ಕಟ್ಟಿದ ಮೇಲೆ ಕೋಳಿಯನ್ನು ಒಣನೆಲದಲ್ಲಿ, ಜೊತೆಯವು ಕಣ್ಣಿಗೆ ಬೀಳುವಂತೆ ಕೂಡಿಹಾಕಬೇಕು. ಪೂರ್ತಿ ಮರೆಯಲ್ಲಿಟ್ಟು ವಾರಗಳ ಮೇಲೆ ಗುಂಪಿಗೆ ಬಿಟ್ಟರೆ ಹೊಸದಾಗಿ ಬಂದದ್ದೆಂದು ಉಳಿದವು ಕುಕ್ಕಿ ಹಣ್ಣು ಮಾಡುತ್ತವೆ.

ಕಾಲಿನ ತೊಂದರೆಯೆಲ್ಲ ಆಣಿಯಲ್ಲ. ಕಾಲಿನ ಹುರುಪೆಗಳು ಎದ್ದು ಸುಣ್ಣ ಹಚ್ಚಿದಂತೆ ಬೆಳ್ಳಗಾಗಿದ್ದರೆ ಅದು ನುಸಿಯ ಕಾಟ, ಅದಕ್ಕೆ ಎಣ್ಣೆ ಹಚ್ಚುವುದು ಒಳ್ಳೆಯ ಮೊದಲ ಮದ್ದು. ಕೀಲು ಊದಿದ್ದರೆ ಮೈಕೋಪ್ಲಾಸ್ಮಾ ಇರಬಹುದು. ಕಾಲು ಒಂದು ಮುಂದೆ ಒಂದು ಹಿಂದೆ ಚಾಚಿ ಬಿದ್ದಿದ್ದರೆ ಮ್ಯಾರೆಕ್ಸ್ ರೋಗವನ್ನು ಸಂಶಯಿಸಬೇಕು. ಇವುಗಳಿಗೆಲ್ಲ ಬ್ಲೇಡು ಹಿಡಿದವರ ಬಳಿ ಉತ್ತರವಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು ಮಾತ್ರೆಗಳ ವಿಚಾರ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕ್ಯಾಪ್ಸೂಲನ್ನು ಬಿಚ್ಚಿ ಅನ್ನಕ್ಕೆ ಬೆರೆಸುವುದು ಈಗ ಮಾಮೂಲಿ. ತೂಕಕ್ಕೆ ಲೆಕ್ಕವಿಲ್ಲ, ದಿನಗಳಿಗೆ ಲೆಕ್ಕವಿಲ್ಲ. ಔಷಧ ಕೀವಿನೊಳಗೆ ಹೋಗದಿದ್ದರೂ ಮೊಟ್ಟೆಯೊಳಗೆ ಹೋಗುತ್ತದೆ. ಒಂದು ಹಳದಿ ಲೋಳೆ ತುಂಬಿಕೊಳ್ಳಲು ಸುಮಾರು ಹತ್ತು ದಿನ ಬೇಕು, ಹಾಗಾಗಿ ಔಷಧ ನಿಲ್ಲಿಸಿದ ಮೇಲೂ ಅದರ ಶೇಷ ಮೊಟ್ಟೆಯಲ್ಲಿ ಉಳಿಯಬಲ್ಲದು. ಕೋಳಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ಅಮೆರಿಕ 2005ರಲ್ಲೇ ಎನ್ರೋಫ್ಲಾಕ್ಸಸಿನ್ನನ್ನು ಕೋಳಿಸಾಕಣೆಯಿಂದ ತೆಗೆಯಿತು. ದೊಡ್ಡ ಫಾರಂಗಳ ಮೇಲೆ ನಾವು ಹೊರಿಸುವ ತಪ್ಪನ್ನೇ ನಾಲ್ಕು ಕೋಳಿಯ ಹಿತ್ತಲಲ್ಲಿ ನಾವೇ ಮಾಡುತ್ತಿದ್ದೇವೆ. ನೋವಿನ ಮಾತ್ರೆಯದೂ ಅದೇ ಕಥೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಅಳಿವಿನಂಚಿಗೆ ತಂದದ್ದರಿಂದ 2006ರಲ್ಲಿ ಭಾರತದ ಪಶುವೈದ್ಯದಲ್ಲಿ ಅದಕ್ಕೆ ನಿಷೇಧ ಬಂತು. ಹಕ್ಕಿಯ ಮೂತ್ರಪಿಂಡ ನಮ್ಮದಲ್ಲ ಎಂದು ತಿಳಿಯಲು ರಾಮನಗರದ ಬೆಟ್ಟದ ರಣಹದ್ದುಗಳಿಗಿಂತ ದೊಡ್ಡ ಪಾಠ ಬೇಕೆ?

ಇಷ್ಟೆಲ್ಲ ನಡೆಯುವಾಗ ಗೂಡಿನ ನೆಲವನ್ನು ಬಗ್ಗಿ ನೋಡುವವರು ಕಡಿಮೆ. ಕಾಯಿಲೆ ಹುಟ್ಟುವುದು ಅಲ್ಲಿ. ಮಲೆನಾಡಿನ ಗೂಡುಗಳಲ್ಲಿ ಹಾಸುವ ಅಡಿಕೆ ದಬ್ಬೆಯ ಅಂಚು ಚೂಪು, ಸಿಬಿರು ಧಾರಾಳ. ಬಯಲುಸೀಮೆಯಲ್ಲಿ ಜಾಲಿಮುಳ್ಳು. ಬೆಂಗಳೂರಿನ ತಾರಸಿಗಳಲ್ಲಿ ತಂತಿಬಲೆ, ಇಲ್ಲವೇ ದಿನವೂ ತೊಳೆದು ಒದ್ದೆಯಾಗಿಯೇ ಇರುವ ಸಿಮೆಂಟು. ಇದರ ಮೇಲೆ ತೂಕದ ಪ್ರಶ್ನೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಹಿತ್ತಲಿಗೆಂದೇ ಬಂದದ್ದು, ಒಳ್ಳೆಯ ತಳಿಯೇ; ಆದರೆ ನಾಟಿ ಹೇಂಟೆಗಿಂತ ಬಹಳ ಭಾರ. ನಾಟಿಕೋಳಿ ಮರದ ಕೊಂಬೆಯಿಂದ ಹಾರಿ ಇಳಿಯುವ ಎತ್ತರದಿಂದ ಗಿರಿರಾಜ ಧೊಪ್ಪೆಂದು ಇಳಿದರೆ ಪೆಟ್ಟೆಲ್ಲ ಅಂಗಾಲಿಗೆ. ನಾಟಿಕೋಳಿಯ ಗಳದ ಮೇಲೆಯೇ ಗಿರಿರಾಜನನ್ನು ಕೂರಿಸಿ, ಆಮೇಲೆ ಅದರ ಕಾಲು ಕೊಯ್ಯುವುದನ್ನು ಚಿಕಿತ್ಸೆ ಎನ್ನಲು ನನಗೆ ಮನಸ್ಸಿಲ್ಲ. ಗಳವನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಸಿಬಿರು ತೀಡಿ, ಕೆಳಗೆ ಭತ್ತದ ಹೊಟ್ಟು ದಪ್ಪಗೆ ಹರಡಿ ಒದ್ದೆಯಾದಷ್ಟನ್ನು ಆಗಾಗ ಬದಲಾಯಿಸುವುದಕ್ಕೆ ಒಂದು ಭಾನುವಾರ ಸಾಕು. ಮೇವಿನಲ್ಲಿ ಬರೀ ನುಚ್ಚಕ್ಕಿಯೇ ಇದ್ದರೆ ಸೊಪ್ಪೂ ಸೇರಲಿ. ಎ ಜೀವಸತ್ವ ಕಡಿಮೆಯಾದರೆ ಪಾದದ ಚರ್ಮವೂ ಸೊರಗುತ್ತದೆ.

ವೈದ್ಯರ ಬಳಿ ಹೋಗಿ ಎಂದು ಸುಲಭವಾಗಿ ಹೇಳಿಬಿಡಬಹುದು. ಊರಿನ ಪಶು ಆಸ್ಪತ್ರೆಯಲ್ಲಿ ಸಾಲು ಹಿಡಿಯುವುದು ಹಸು ಎಮ್ಮೆಗಳು. ಒಂದು ಹೇಂಟೆಯನ್ನು ಕಂಕುಳಲ್ಲಿ ಹಿಡಿದು ನಿಂತರೆ ನಗೆಪಾಟಲು. ಕೊಕ್ಕರೆ ರೋಗದ ಲಸಿಕೆ ಕೇಳಿದರೆ ಸಿಗುತ್ತದೆ, ಒಂದು ಕೋಳಿಯ ಕಾಲಿಗೆ ಅರಿವಳಿಕೆ ಕೊಟ್ಟು ಕೊಯ್ಯುವವರು ಸಿಗುವುದು ಕಷ್ಟ. ಮನೆವೈದ್ಯ ಹುಟ್ಟಿದ್ದು ಈ ಖಾಲಿಜಾಗದಲ್ಲಿ, ಅದಕ್ಕಾಗಿ ಸಾಕಿದವರನ್ನಷ್ಟೇ ಬೈದು ಫಲವಿಲ್ಲ. ಆದರೂ ಊತ ಬೆರಳುಗಳ ನಡುವಿನಿಂದ ಮೇಲೆ ಕಂಡರೆ, ಕಾಲು ಕೆಂಡದಂತೆ ಸುಡುತ್ತಿದ್ದರೆ, ಕೋಳಿ ಮೇವು ಬಿಟ್ಟು ಕೂತರೆ ಸೋಂಕು ಮೂಳೆಗೆ ಇಳಿದಿರುವ ಸಾಧ್ಯತೆಯಿದೆ. ಅಲ್ಲಿಂದ ಮುಂದೆ ಬ್ಲೇಡು ಮುಟ್ಟಲೇಬಾರದು. ಆಗ ಉಳಿಯುವುದು ವೈದ್ಯರು, ಇಲ್ಲವೇ ನಮ್ಮ ಹಳ್ಳಿಯ ಅಜ್ಜಿಯರು ಹಿಂದಿನಿಂದ ಮಾಡಿಕೊಂಡು ಬಂದ ತೀರ್ಮಾನ: ಕೊಯ್ದುಬಿಡುವುದು. ವಾರಗಟ್ಟಲೆ ನರಳಿಸುವುದಕ್ಕಿಂತ ಅದು ಕ್ರೂರವೆಂದು ನನಗೆ ಅನ್ನಿಸಿಲ್ಲ. ಆದರೆ ಅಜ್ಜಿಯ ಕಾಲದಲ್ಲಿ ಅನ್ನಕ್ಕೆ ಕ್ಯಾಪ್ಸೂಲು ಬೆರೆಸುತ್ತಿರಲಿಲ್ಲ. ಈಗ ಔಷಧ ತಿಂದ, ಮೈತುಂಬ ಸೋಂಕು ಹರಡಿದ ಕೋಳಿ ಸಾರಿಗೆ ಬರುವುದಿಲ್ಲ. ನಾಯಿ ಎಳೆಯದಷ್ಟು ಆಳದ ಗುಂಡಿಯಲ್ಲಿ ಹೂಳಬೇಕು.