ಗುರುವ ಎಲ್ಲಿ ಹೋದ?

ಕಾರಂತರ ‘ಚೋಮನ ದುಡಿ’ (1933) ಓದಿ ನಾವೆಲ್ಲ ಚೋಮನಿಗಾಗಿ ಅತ್ತವರು. ಉಳೋದಕ್ಕೆ ತುಂಡು ನೆಲ ಸಿಗದ ಹೊಲೆಯ ಇಗರ್ಜಿಯ ದಾರಿ ಹಿಡಿದವನು, ಪಂಜುರ್ಲಿಯ ಗುಡಿ ಕಂಡು ಹಿಂದಕ್ಕೆ ತಿರುಗುತ್ತಾನೆ. ಮೇಷ್ಟ್ರುಗಳು ಇದನ್ನೇ ದೊಡ್ಡ ಗಳಿಗೆ ಅಂತ ಪಾಠ ಮಾಡುತ್ತಾರೆ. ಸರಿ. ಆದರೆ ಮಗ ಗುರುವ ತಿರುಗಲಿಲ್ಲವಲ್ಲ! ಕ್ರೈಸ್ತರ ಹುಡುಗಿಯನ್ನು ಮೆಚ್ಚಿ ಆ ಕಡೆ ಸೇರಿದ ಅವನ ಬದುಕಿನೊಳಕ್ಕೆ ಕಾದಂಬರಿ ಹೋಗುವುದೇ ಇಲ್ಲ. ಅವನು ಏನನ್ನು ನಂಬಿದ, ಇಗರ್ಜಿಯಲ್ಲಿ ಎಲ್ಲಿ ಕೂತ, ಯಾರ ಜೊತೆ ಉಂಡ? ಮನಸ್ಸಲ್ಲಿ ಉಳಿಯುವ ಕ್ರೈಸ್ತ ಮನ್ವೇಲ, ಬೆಳ್ಳಿಯನ್ನು ಬಳಸಿಕೊಂಡ ತೋಟದ ರೈಟರು.

ಚೋಮ ನೆಲ ಬೇಡಿದ್ದು ತಪ್ಪಲ್ಲ. ತಪ್ಪು ನಮ್ಮ ಓದಿನದು. ‘ಹೊಟ್ಟೆಪಾಡಿಗೆ ಸೇರಿದರು ಬಿಡಿ’ ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಕ್ರೈಸ್ತರು ಅಂದರೆ ನಮಗೆ ಇಂಗ್ಲಿಷ್ ಶಾಲೆ, ಡಿಸೆಂಬರಿನ ನಕ್ಷತ್ರ, ಕೇಕು. ಕೇರಿಯ ಕ್ರೈಸ್ತ ಕಣ್ಣಿಗೇ ಬೀಳೋದಿಲ್ಲ.

ಸರ್ಕಾರದ ಕಣ್ಣಿಗೂ ಬೀಳಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಗುರುವನ ಮಕ್ಕಳು ಹೊರಗೇ ಉಳಿದರು. ಮತ ಬಿಟ್ಟರೆ ಜಾತಿ ಬಿಡುತ್ತದೆಂಬುದು ಕಾಗದದ ನಂಬಿಕೆ. ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ಹೆಣಗಳ ನಡುವೆಯೂ ಜಾತಿಗೋಡೆ ಎಬ್ಬಿಸಿದ್ದರು. ಊರೂ ತಳ್ಳಿತು, ಇಗರ್ಜಿಯೂ ದೂರ ಕೂರಿಸಿತು. ಆದರೂ ಅವನು ಶಿಲುಬೆಯ ಮುಂದೆ ಮಂಡಿಯೂರುತ್ತಾನಲ್ಲ, ಯಾಕೆ? ಈ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ.

ಹಿಂತಿರುಗಿದವನಿಗೆ ಅತ್ತದ್ದು ಸಾಕು, ಗೆಳೆಯರೇ. ಹೋದವನ ಕಥೆ ಬರೆಯೋಣ. ಬರೆಯುವ ಮುಂಚೆ ಅವನ ಮನೆ ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳೋಣ.